ಮಾತು ಕಲಿಸುವ ಓದು

"ಮಾತು ಕಲಿಸೂ ಡಾಕ್ಟರಾ?" ಬಾಳೇಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದ. "ಈ ಮುನವಳ್ಳ್ಯಾಗ ಮಾತು ಬರಲಾರದವ್ರು ಯಾರದಾರವಾ? ಒಂದ ತಾಸು ನನ್ನ ಗಿರಣಿ ಮುಂದ ಕುಂತ ನೋಡು. ಹಿಟ್ಟ ಬೀಸಾಕ ಬಂದವ್ರ ಮಾತಿನಾಗ ಮಷಿನ್ ಸಪ್ಪಳನ ಕೇಳಸಂಗಿಲ್ಲ."

ತನ್ನ ಮಾತಿಗೆ ತಾನೇ ನಗಲು ಹೋದವನು ಅರ್ಧಕ್ಕೇ ನಿಂತ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಅವನ ತಾಯಿ ಬಾಯವ್ವ ಮಗನನ್ನೇ ನೋಡುತ್ತಿದ್ದಳು. ಸೊಸೆ ಭಾಗೀರಥಿ ಹಾಲಿನಲ್ಲಿ ಕಲಸಿ ಬಾಯಿಗಿಟ್ಟ ರೊಟ್ಟಿಯ ತುತ್ತು ಇನ್ನೂ ಗಂಟಲಿಗಿಳಿದಿರಲಿಲ್ಲ. ಸಂಕ್ರಾಂತಿ ಮುಗಿದ ಮರುವಾರ ಲಕ್ವಾ ಹೊಡೆದು ಬಾಯವ್ವನ ಬಲಗೈ ಸೋತಿತ್ತು, ಮಾತು ಹೋಗಿತ್ತು. ಕೇಳಿದ್ದೆಲ್ಲ ತಿಳಿಯುತ್ತಿತ್ತು. ಬಾಯಿಂದ ಬರುತ್ತಿದ್ದದ್ದು ಮಾತ್ರ ಒಂದೇ ಶಬ್ದ, "ಅದಾ". ಹಸಿದರೂ ಅದಾ, ಸೆಕೆಯಾದರೂ ಅದಾ, ಸಿಟ್ಟು ಬಂದರೂ ಅದಾ.

ಬಾಳೇಶ ತಲೆ ತಗ್ಗಿಸಿ ಝುಣಕಕ್ಕೆ ಕೈ ಹಾಕಿದ.

ಮಗಳು ಪ್ರಣಿತಾ ಪಿಯುಸಿ ಮುಗಿಸಿದ ಹುಡುಗಿ. ಅಂದಷ್ಟೇ ಧಾರವಾಡದಿಂದ ಬಂದಿದ್ದಳು. ಅಲ್ಲಿನ ಒಂದು ವಿಶ್ವವಿದ್ಯಾಲಯದವರು ರಜೆಯಲ್ಲಿ ಮೂರು ವಾರದ ಶಿಬಿರ ನಡೆಸಿದ್ದರು. ಮುಂಜಾನೆ ಆಸ್ಪತ್ರೆಯೊಳಗಿನ ಬಗೆಬಗೆಯ ಕೆಲಸಗಳ ಪರಿಚಯ, ಮಧ್ಯಾಹ್ನ ಹಾಡು, ನಾಟಕ, ಚಿತ್ರ, ಸಂಜೆಗೆ ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯುವುದು. ಮಣಿಪುರದವರು, ಕೇರಳದವರು, ನೇಪಾಳದವರು ಎಲ್ಲರಿಗೂ ಒಂದೇ ಹಾಸ್ಟೆಲ್ಲು, ಒಂದೇ ಪಂಕ್ತಿ. ಹೋಗುವಾಗ ನರ್ಸಿಂಗೋ ಫಿಸಿಯೋಥೆರಪಿಯೋ ಎಂದು ಹೊಯ್ದಾಡುತ್ತಿದ್ದ ಹುಡುಗಿ ಬರುವಾಗ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಓದಿದರೆ ವಾಕ್‌ಚಿಕಿತ್ಸೆ, ಅಂದರೆ ಮಾತು ಹೋದವರಿಗೆ ಮಾತು ಮರಳಿ ಕಲಿಸುವ ಓದು. ನಾಲ್ಕು ವರ್ಷ, ಅದೇ ವಿಶ್ವವಿದ್ಯಾಲಯದಲ್ಲಿ.

"ಅಲ್ಲಿ ಒಬ್ಬ ಅಜ್ಜ ಬಂದಿದ್ದ ಅಪ್ಪಾ, ನಮ್ಮ ಆಯಿಗತೆನ" ಎಂದಳು, ಅಜ್ಜಿಯ ಕಡೆ ನೋಡುತ್ತ. "ಅಲ್ಲಿ ಕಲಿಸೂ ಬೆಂಬೆಂ ಮೇಡಂ ಅಂವನ ಕಡಿಂದ ಭಜನಿ ಪದ ಹಾಡಿಸಿದ್ರು. ನೀರು ಅನ್ನಾಕ ಬರಲಾರದಂವ ಇಡೀ ಪದ ಹಾಡಿದ! ಮಾತಿನ ಜಾಗಾ ತಲ್ಯಾಗ ಒಂದ ಕಡೆ ಇದ್ರ, ಹಾಡಿನ ಜಾಗಾ ಇನ್ನೊಂದ ಕಡೆ ಇರ್ತೈತಂತ. ಹಾಡಿನ ದಾರೀಲೆ ಮಾತು ತರಾಕ ಬರ್ತೈತಿ."

"ಭಜನಿ ಹಾಡಾಕ ನಾಕ ವರ್ಷ ಯಾಕ ಬೇಕು? ಮಠದಾಗ ಸೋಮವಾರಕ್ಕೊಮ್ಮಿ ಹಾಡ್ತಾರ." ಬಾಳೇಶನ ದನಿ ಏರಿತು. "ನೋಡು ಪ್ರಣೀ, ಗಿರಣಿ ಬಾಜೂ ಮಳಿಗಿ ಖಾಲಿ ಮಾಡಸೇನಿ. ಬಸ್ಸಿನಾಗ ಹೋಗಿ ಬಂದು ಡಿ.ಫಾರ್ಮಾ ಮಾಡು, ಔಷಧ ಅಂಗಡಿ ಇಡು. ನಿಮ್ಮ ಆಯೀನ ಎತ್ತಿ ಕುಂದ್ರಸಾಕ ಮನ್ಯಾಗ ಕೈ ಸಾಲವಲ್ವು. ಇಂಥಾದ್ರಾಗ ನೀ ಊರ ಬಿಟ್ಟು ಹೊಂಟಿ!"

"ನನಗ ಗುಳಿಗಿ ಮಾರೂದು ಬ್ಯಾಡ."

"ಬ್ಯಾಡಾದ್ರ ರೊಟ್ಟಿ ಬಡಿ."

ಪ್ರಣಿತಾ ಗಂಗಾಳದಲ್ಲೇ ಕೈತೊಳೆದು ಎದ್ದು ಹೋದಳು. ಅಜ್ಜ ರಾಯಪ್ಪ ಕೆಮ್ಮಿದ. ಗಿರಣಿಯನ್ನು ಮಗನ ಕೈಗೆ ಕೊಟ್ಟ ಮೇಲೆ ಪೇಪರು, ಎಲೆ-ಅಡಿಕೆ ಬಿಟ್ಟು ಬೇರೆ ತಂಟೆಗೆ ಹೋಗದ ಸಾಧು ಮನುಷ್ಯ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದು ನಿಜವಿರಬಹುದು. ಆದರೆ ಆ ಮನೆಯಲ್ಲಿ ಮಾತು ಬಲ್ಲವಳೆಂದರೆ ಬಾಯವ್ವ ಒಬ್ಬಳೇ, ಜಗಳವೂ ಅವಳದ್ದೇ, ತೀರ್ಪೂ ಅವಳದ್ದೇ. ಸೊಸೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಭಾಗೀರಥಿ ಒಂದು ದಿನವೂ ಎದುರಾಡಿದವಳಲ್ಲ. ಅತ್ತೆಯ ಬಾಯಿ ನಿಂತ ಮೊದಲ ವಾರ ಅವಳಿಗೆ ಮನೆ ತಣ್ಣಗಾಯಿತು ಎನಿಸಿದ್ದೂ ಹೌದು. ಎರಡನೆಯ ವಾರಕ್ಕೆ ಆ ತಣ್ಣನೆ ಮನೆಯಲ್ಲಿ ಉಸಿರು ಕಟ್ಟತೊಡಗಿತು.

ಮರುದಿನ ಒಲೆಯ ಮುಂದೆ ಮಗಳು ಮುಖ ಊದಿಸಿಕೊಂಡೇ ಕುಳಿತಿದ್ದಳು.

"ಜುಲೈ ಕಡೀತನಕ ಸೀಟಿಗೆ ಹೆಸರ ಹಚ್ಚಬೇಕವ್ವಾ. ಆಮ್ಯಾಲ ಇಲ್ಲ. ನೀ ಒಂದ ಮಾತು ಅಪ್ಪಗ ಹೇಳಾಕ ಬರಂಗಿಲ್ಲೇನು?"

"ನನ್ನ ಮಾತು ಈ ಮನ್ಯಾಗ ಎಂದ ನಡದೈತಿ? ರೊಟ್ಟಿ ತಿರಿವು, ಹೊತ್ತಾಕತ್ತೇತಿ."

ಹಾಗೆಂದಳೇ ಹೊರತು, ಮಧ್ಯಾಹ್ನ ಗಿರಣಿಗೆ ಚಹಾ ಒಯ್ದಾಗ ಗಂಡನ ಮುಂದೆ ಮೆಲ್ಲಗೆ ಮಾತು ತೆಗೆದಳು. "ರೀ, ಸೀಟಿನ ಮಾತು ಆಮ್ಯಾಲ. ಅತ್ತೀನ ವಾರಕ್ಕೊಮ್ಮಿ ಆ ಮೇಡಂ ಕಡೆ ಕರಕೊಂಡ ಹೋಗಿ ಬರತೇವಿ. ನಾನೂ ಹೋಗತೇನಿ, ಪ್ರಣೀನೂ ಬರ್ತಾಳ."

ಬಾಳೇಶ ಮೈಮೇಲಿನ ಹಿಟ್ಟು ಕೊಡವಿದ. "ಹೋಗ್ರಿ. ಆಸ್ಪತ್ರಿ ತಿರಗಿ ತಿರಗಿ ನನಗ ಸಾಕಾಗೇತಿ. ಆದ್ರ ಅಕಿ ತಲ್ಯಾಗ ಆಸೆ ತುಂಬಬ್ಯಾಡ."

ಹೀಗೆ ಪ್ರತಿ ಬುಧವಾರ ಮೂವರ ಸವಾರಿ ಧಾರವಾಡದ ಬಸ್ಸು ಹತ್ತತೊಡಗಿತು. ಬೆಂಬೆಂ ಮೇಡಂ ಮಣಿಪುರದವರು. ಕಲಿತ ಕನ್ನಡವನ್ನು ಒಂದೊಂದೇ ಅಕ್ಷರಕ್ಕೆ ಒತ್ತು ಕೊಟ್ಟು ಆಡುವರು. ಬಾಯವ್ವ ಮೊದಲ ದಿನ ಅವರನ್ನು ಕಣ್ಣು ಕಿರಿದು ಮಾಡಿ ನೋಡಿ "ಅದಾ" ಎಂದಳು. ಮೇಡಂ ಪ್ರಣಿತಾಗೆ ಸ್ಪಷ್ಟವಾಗಿ ಹೇಳಿದರು: "ನೀನು ಇನ್ನೂ ಡಾಕ್ಟರ್ ಅಲ್ಲ. ಇಲ್ಲಿ ನಾವು ತೋರಿಸಿದ್ದನ್ನು ಮನೆಯಲ್ಲಿ ದಿನಾ ಮಾಡಿಸು. ನಿನ್ನ ಸ್ವಂತದ್ದು ಸೇರಿಸಬೇಕಾದರೆ ನನ್ನನ್ನು ಕೇಳು." ಅಜ್ಜಿಯ ಎಡಗೈಯನ್ನು ತೊಡೆಯ ಮೇಲೆ ತಾಳಕ್ಕೆ ತಟ್ಟಿಸುತ್ತ, ಸಣ್ಣ ರಾಗದಲ್ಲಿ ಎರಡೆರಡು ಶಬ್ದ ಎಳೆದು ಹೇಳಿಸಬೇಕು. ಆಮೇಲೆ ರಾಗ ಬಿಡಿಸಬೇಕು. ಕೇಳಲು ಸುಲಭ.

ಮಾಡಲು ಕೂತಾಗ ಗೊತ್ತಾಯಿತು. ಪ್ರಣಿತಾ "ಚಾ… ಬೇಕು" ಎಂದು ಎಳೆದರೆ ಅಜ್ಜಿ "ಅ…ದಾ" ಎಂದು ಎಳೆಯುವಳು. ರಾಗವೇನೋ ಸರಿಯಾಗಿತ್ತು. ಮೊದಮೊದಲು ಮಗಳು ತಾಳ ತಟ್ಟುತ್ತ ಕೂತಿದ್ದಕ್ಕೆ ಭಾಗೀರಥಿಯೇ ರೇಗಿದಳು. "ಬಾಂಡೆ ತಿಕ್ಕೂದು ಯಾರು? ಹೊತ್ತ ಮುಣಗೂತನ ಹಾಡಕೋತ ಕುಂತ್ರ ಆತೇನು?" ಪ್ರಣಿತಾ ಬೋಗುಣಿಯನ್ನು ಅಜ್ಜಿಯ ಮುಂದೇ ತಂದಿಟ್ಟುಕೊಂಡು, ಬೂದಿ ಹಚ್ಚಿ ತಿಕ್ಕುತ್ತ ಅದರ ಸಪ್ಪಳಕ್ಕೇ ಹಾಡಿಸಿದಳು. ಮೂರನೆಯ ಬುಧವಾರ ಕಳೆದ ಮೇಲೆ ಒಂದು ಸಂಜೆ ಬಾಯವ್ವ ಬಾಯಿ ಸೊಟ್ಟ ಮಾಡಿ, ಬೆವರಿ, "ಚಾ" ಎಂದಳು. ಭಾಗೀರಥಿ ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟು ಓಡಿ ಬಂದಳು. ಅಂದು ಅತ್ತೆಗೆ ಎರಡು ಸಲ ಚಹಾ, ಎರಡು ಸಲವೂ ಬೆಲ್ಲ ಜಾಸ್ತಿ.

ಆಮೇಲೆ ಹೆಸರುಗಳ ಸರದಿ. ಪ್ರಣಿತಾ ಮನೆಯವರ ಫೋಟೋಗಳನ್ನು ದಪ್ಪ ರಟ್ಟಿಗೆ ಅಂಟಿಸಿ ಒಂದೊಂದೇ ತೋರಿಸಿ ಕೇಳಿದಳು. ಮಗನ ಫೋಟೋಕ್ಕೆ ಬಾಯವ್ವ "ಬಾಳು" ಎಂದಳು. ಸೊಸೆಗೆ "ಬಾಗಿ" ಎಂದಳು. ಮೊಮ್ಮಗಳಿಗೆ "ಪ್ರಣಿ" ಎಂದು ನಕ್ಕಳು. ಗಂಡನ ಫೋಟೋ ಮುಂದೆ ಹಿಡಿದರೆ ಮಾತ್ರ ತುಟಿ ಬಿಗಿದು ಮುಖ ತಿರುಗಿಸಿಬಿಟ್ಟಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಪ್ರಣಿತಾ ಬಿಡಲಿಲ್ಲ. "ಯಾರಿದು ಆಯೀ? ಹೇಳು, ರಾ… ರಾಯ…" ಬಾಯವ್ವ ರಟ್ಟನ್ನೇ ಕಸಿದು ಬೋರಲು ಹಾಕಿದಳು.

ಬಾಗಿಲಲ್ಲಿ ನಿಂತು ರಾಯಪ್ಪ ಇದನ್ನು ನೋಡಿದ. ಆ ಹೊತ್ತು ಊಟಕ್ಕೆ ಕರೆದರೆ ಕಟ್ಟೆಯಿಂದ ಏಳಲಿಲ್ಲ.

"ನನಗ ಹಸಿವಿಲ್ಲ ಭಾಗೀರಥಿ."

"ಎಣಿಗಾಯಿ ಮಾಡೇನ್ರಿ ಮಾಂವಾ, ನಿಮಗ ಸೇರೂದು."

"ಎಲ್ಲಾರ ಹೆಸರೂ ಬಂದುವು" ಎಂದ ಮುದುಕ, ಪೇಪರು ಮಡಿಸುತ್ತ. "ಕೂಡಿ ಇಷ್ಟ ವರ್ಷ ಬಾಳೇವು ಮಾಡಿದ್ವಿ. ನಾ ಒಬ್ಬಂವ ಮರತ ಹೋದ್ನಿ ನೋಡು."

ಭಾಗೀರಥಿ ಸಪ್ಪೆಮುಖದಲ್ಲಿ ಬಡಿಸಿದ ಗಂಗಾಳ ಮುಚ್ಚಿಟ್ಟಳು. ಪ್ರಣಿತಾ ಕೂಡ ಮಂಕಾದಳು. ಮೆದುಳಿನ ಆ ಭಾಗ ಪೂರ್ತಿ ಅಳಿಸಿಹೋಗಿರಬಹುದು ಎಂದು ಏನೇನೋ ಹೇಳಿದಳು. ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗೆ ಅಷ್ಟು ಜನರಲ್ಲಿ ಒಬ್ಬರಿಗೂ ಸರಳ ಸಂಗತಿ ಹೊಳೆಯಲಿಲ್ಲ. ಹೊಳೆದದ್ದು ರಾಮದುರ್ಗದಿಂದ ಬಂದ ಫರೀನ್‌ಗೆ.

ಫರೀನ್ ಶಿಬಿರದಲ್ಲಿ ಪ್ರಣಿತಾಳ ಕೋಣೆಯಲ್ಲಿದ್ದ ಹುಡುಗಿ. ಅವಳ ತಂದೆ ಲಾಲಸಾಬ ಲಾರಿ ಓಡಿಸುತ್ತಾನೆ. ಅವನು ಮಗಳನ್ನು ನರ್ಸಿಂಗಿಗೆ ಸೇರಿಸಲು ಒಪ್ಪಿಯಾಗಿತ್ತು. ರವಿವಾರ ಗೆಳತಿಯನ್ನು ನೋಡಲು ಬಂದವಳು ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತಳು. ಭಾಗೀರಥಿ ಒಂದು ಕ್ಷಣ ಅತ್ತೆಯ ಕಡೆ ನೋಡಿದಳು, ಬಾಯವ್ವ ತಲೆಯಾಡಿಸಿದಳು. "ಒಳಗ ಬಾರವಾ, ಹೊಗಿ ಐತಿ ಅಂತ ಹೆದರ್ತಿ ಏನು?" ಎಂದು ಭಾಗೀರಥಿ ಮಣೆ ಸರಿಸಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟಳು.

ತಿನ್ನುತ್ತ ಫರೀನ್ ಎಲ್ಲ ಕಥೆ ಕೇಳಿದಳು. ಕೇಳಿ ಬಿದ್ದು ಬಿದ್ದು ನಕ್ಕಳು.

"ಕಾಕೂ, ಆಯಿ ಎಂದಾರ ಅಜ್ಜಾರ ಹೆಸರ ಹಿಡದು ಕರದಿದ್ರೇನು?"

"ಗಂಡನ ಹೆಸರ ಯಾರ ಹಿಡದು…" ಎನ್ನುತ್ತಿದ್ದ ಭಾಗೀರಥಿಯ ಬಾಯಿ ತೆರೆದೇ ಉಳಿಯಿತು.

"ನಮ್ಮ ಅಪ್ಪನ ಅವ್ವ, ದಾದಿ ಶಾಹಜಾನಬೀನೂ ಹಂಗ. ರೇಶನ್ ಅಂಗಡ್ಯಾಗ ದಾದಾನ ಹೆಸರ ಕೇಳಿದ್ರ ನನ್ನ ಕಡೆ ಬೆರಳ ಮಾಡ್ತಾಳ, ನೀ ಹೇಳು ಅಂತ. ಆಯಿ ಮರತಿಲ್ಲ ಪ್ರಣೀ. ನೀ ಕೇಳಿದ್ದ ತಪ್ಪು."

ಪ್ರಣಿತಾ ಹಣೆ ಹಣೆ ಬಡಿದುಕೊಂಡಳು. "ಮೇಡಂ ಹೇಳಿದ್ರು! ಭಾಷೆ ಕ್ಲಾಸಿನ ಮೊದಲನೇ ಪಾಠನ ಅದು. ಒಂದ ಮನಿಗೆ ಹೋದ್ರ ಅವ್ರು ಏನ ಅನ್ನಂಗಿಲ್ಲ ಅನ್ನೂದನ್ನ ಮೊದಲ ತಿಳಕೋರಿ ಅಂತ. ನನ್ನ ಮನಿಯಾಗ ನಾನ ಮರತ್ನಿ!"

ಭಾಗೀರಥಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ತನ್ನ ಮದುವೆಯ ದಿನ ಇದೇ ಮನೆಯ ಬಾಗಿಲಿಗೆ ಅಡ್ಡ ನಿಂತು, "ಗಂಡನ ಹೆಸರ ಹೇಳಿ ಒಳಗ ಬಾ" ಎಂದು ಸತಾಯಿಸಿದವಳು ಈ ಅತ್ತೆಯೇ. ಹೆಸರನ್ನು ಬರಿದೆ ಹೇಳುವಂತಿಲ್ಲ, ಪ್ರಾಸದ ಪದದೊಳಗೆ ಹೆಣೆದು ಹೇಳಬೇಕು. ಅದೇ ಒಡಪು. ಹೊಸ ಸೊಸೆಗೆ ನಾಚಿಕೆಯಿಂದ ಒಡಪು ಹೊರಡದಿದ್ದಾಗ, ಬಾಯವ್ವ ತಾನೇ ತನ್ನ ಗಂಡನ ಒಡಪು ಹೇಳಿ ತೋರಿಸಿದ್ದಳು. ಸುತ್ತಲಿನ ಮದುವೆಗಳಲ್ಲಿ ಬಾಯವ್ವನ ಒಡಪಿಲ್ಲದೆ ಹೆಣ್ಣು ಒಳಗೆ ಬರುತ್ತಿರಲಿಲ್ಲ ಎಂದು ಊರವರು ಚೇಷ್ಟೆ ಮಾಡುತ್ತಿದ್ದ ಕಾಲವದು.

ಭಾಗೀರಥಿ ಅತ್ತೆಯ ಎದುರು ಕುಳಿತಳು. ಎಡಗೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸಿದಳು.

"ಹಿತ್ತಲಾಗ ಹಚ್ಚೀನಿ ಮಲ್ಲಿಗಿ ಬಳ್ಳಿ…"

ಬಾಯವ್ವನ ಕಣ್ಣು ಮಿಂಚಿತು. "ನೀ…ರ ಹಾಕಿ ತಂಪ" ಎಂದಳು.

ಕೈ ತಾನಾಗಿಯೇ ತಾಳ ಹಾಕತೊಡಗಿತು.

"ರಾಯಪ್ಪ…ನವರ ಹೆಸರ ಹೇಳಿದ್ರ… ಮನಿ ತುಂಬ ಕಂಪ!"

ಹೇಳಿದವಳೇ ಎಡಗೈಯಿಂದ ಸೆರಗು ಎಳೆದು ಬಾಯಿ ಮುಚ್ಚಿಕೊಂಡಳು. ಮದುವಣಗಿತ್ತಿಯ ಹಾಗೆ ಕೆಂಪಾಗಿದ್ದಳು. ಪ್ರಣಿತಾ, ಫರೀನ್ ಇಬ್ಬರೂ ಕಿರುಚಿದ ಸಪ್ಪಳಕ್ಕೆ ಪಕ್ಕದ ಮನೆಯವರು ಏನಾಯಿತೋ ಎಂದು ಓಡಿ ಬಂದರು. ಭಾಗೀರಥಿ ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಹೊರಗೆ ಕಟ್ಟೆಯ ಮೇಲಿದ್ದ ರಾಯಪ್ಪ ನಿಧಾನ ಎದ್ದು, ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಮಣೆಯ ಮೇಲೆ ಕುಳಿತ. "ಭಾಗೀರಥಿ, ಊಟಕ್ಕ ಹಾಕವಾ" ಎಂದ. "ಹಸಿವು ಬಾಳ ಆಗೇತಿ."

ಅಲ್ಲಿಂದ ದಾರಿ ತೆರೆಯಿತು. ಬುಧವಾರ ಒಡಪು ಕೇಳಿ ಬೆಂಬೆಂ ಮೇಡಂ ಚಪ್ಪಾಳೆ ತಟ್ಟಿದರು, ಅದೇ ಧಾಟಿಯಲ್ಲಿ ದಿನದ ಮಾತುಗಳನ್ನು ಕೂಡಿಸಿ ಕೊಟ್ಟರು. ತಮ್ಮ ಊರಿನ ಹಾಡೊಂದನ್ನು ಬಾಯವ್ವನಿಗೆ ಹಾಡಿಯೂ ತೋರಿಸಿದರು. ಬಾಯವ್ವ ಅದಕ್ಕೂ ತಾಳ ಹಾಕಿದಳು. ನೀರು ಕೊಡು, ಕೈ ಹಿಡಿ, ಬೆಳಕು ಹಚ್ಚು ಎಂಬ ಮಾತುಗಳು ಮೊದಲು ರಾಗವಾಗಿ ಬಂದು ಆಮೇಲೆ ಬರೀ ಮಾತಾದವು. ತಡವರಿಸುತ್ತಿದ್ದವು, ಆದರೆ ನಿಲ್ಲುತ್ತಿರಲಿಲ್ಲ.

ಇದನ್ನೆಲ್ಲ ನೋಡಿದರೆ ಅಪ್ಪ ಕರಗುತ್ತಾನೆ ಎಂದು ಪ್ರಣಿತಾ ಎಣಿಸಿದ್ದಳು. ಬಾಳೇಶ ಕರಗಿದ್ದೇನೋ ನಿಜ. ತಾಯಿ "ಬಾಳು, ಉಂಡಿ?" ಎಂದು ಕೇಳಿದ ದಿನ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದ. ಆದರೆ ಹೇಳಿದ್ದು ಬೇರೆ.

"ನಿನ್ನ ಕೈಗುಣ ಚಲೋ ಐತಿ ಪ್ರಣೀ. ಅದಕ್ಕ ಹೇಳತೇನಿ, ಇನ್ನಂತೂ ನೀ ಬಿಟ್ಟ ಹೋಗಾಕ ಆಗಂಗಿಲ್ಲ. ನೀ ಹೋದ್ರ ಅವ್ವನ ಮಾತು ನಿಂತ ಹೋಕ್ಕೈತಿ."

ಗೆದ್ದದ್ದೇ ಕಾಲಿಗೆ ತೊಡರಾಯಿತು. ಪ್ರಣಿತಾ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ, ಅಜ್ಜಿಯೊಡನೆ ಮಾತ್ರ ಮಾತು ಬಿಡಲಿಲ್ಲ. ಅದನ್ನು ಕಂಡು ಭಾಗೀರಥಿಗೆ ಮಗಳ ಮೇಲೆ ಹೆಮ್ಮೆಯೂ ಗಂಡನ ಮೇಲೆ ಸಿಟ್ಟೂ ಒಟ್ಟಿಗೆ ಉಕ್ಕಿದವು. ಸಿಟ್ಟನ್ನು ಎಂದಿನಂತೆ ರೊಟ್ಟಿಯ ಮೇಲೆ ತೀರಿಸಿಕೊಂಡಳು.

ಜುಲೈ ಮುಗಿಯುತ್ತ ಬಂತು, ನಾಗರಪಂಚಮಿಯೂ ಹತ್ತಿರ ಬಂತು. ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದರು. ಬಾಳೇಶ ಗಿರಣಿಯಿಂದ ಆಗಷ್ಟೇ ಬಂದು ಕೂತು ಒಂದು ಉಂಡಿ ಬಾಯಿಗೆ ಹಾಕಿಕೊಂಡಿದ್ದ.

"ಅಪ್ಪಾ, ನಾಳಿಗೆ ಕಡೀ ದಿನ" ಎಂದಳು ಪ್ರಣಿತಾ. ದನಿಯಲ್ಲಿ ಹಟವಿರಲಿಲ್ಲ. "ಒಮ್ಮೆ ಹೂಂ ಅನ್ನು."

ಬಾಳೇಶ ಬಾಯಿ ತೆರೆಯುವ ಮೊದಲೇ ಕಂಬದ ಕಡೆಯಿಂದ ದನಿ ಬಂತು.

"ಬ್ಯಾಡ. ಹೋಗ…ಬ್ಯಾಡ."

ಹಾಗೆಂದವಳು ಬಾಯವ್ವ. ರಾಗವಿಲ್ಲ, ತಾಳವಿಲ್ಲ, ಯಾರೂ ಹೇಳಿಕೊಟ್ಟದ್ದಲ್ಲ. ತಾನಾಗಿ ಆಡಿದ ಮೊದಲ ತೀರ್ಪು. ಪ್ರಣಿತಾಳ ಕೈಯಲ್ಲಿದ್ದ ಉಂಡಿ ಒಡೆದು ಉದುರಿತು. ಬಾಳೇಶ, "ಕೇಳಿದ್ಯಲ್ಲ, ಹಿರ್ಯಾರ ಮಾತು…" ಎನ್ನುತ್ತಿದ್ದಂತೆ ಭಾಗೀರಥಿ ನಡುವೆ ಬಾಯಿ ಹಾಕಿದಳು.

"ಯಾಕ ಹೋಗಬಾರದ್ರಿ ಅತ್ತೀ?"

ಇಪ್ಪತ್ತು ವರ್ಷದಲ್ಲಿ ಮೊದಲ ಎದುರುಮಾತು. ಭಾಗೀರಥಿಗೇ ತನ್ನ ದನಿ ಯಾರದ್ದೋ ಎನಿಸಿತು. ಬಾಯವ್ವನ ಹುಬ್ಬು ಮೇಲೇರಿತು.

"ಹೆಣ್ಣ… ಹುಡಿಗಿ. ದೂರ."

"ಧಾರವಾಡ ದೂರ ಏನ್ರಿ? ವಾರ ವಾರ ನೀವ ಹೋಗಿ ಬಂದೀರಿ. ಕಿಟಕಿ ಕಡೆ ಸೀಟ ಬೇಕಂತ ಹಟಾನೂ ಮಾಡೀರಿ."

"ಅದು… ದವಾಖಾನಿ!"

"ಅದ ದವಾಖಾನ್ಯಾಗ ಇಕಿ ಕಲಿಯಾಕ ಹೊಂಟಾಳ್ರಿ. ಹೋದ ಬುಧವಾರ ಕಟಕೋಳದಾಗಿಂದ ಒಬ್ಬಂವ ತಾಯೀನ ಹೊತಕೊಂಡ ಬಂದಿದ್ದ, ನೋಡಿದ್ರಿಲ್ಲೋ? ನೇಸರಗ್ಯಾಗ, ಕಿತ್ತೂರಾಗ ಇಂಥವ್ರು ಎಷ್ಟ ಮಂದಿ ಅದಾರೋ ಏನೋ. ಅವ್ರ ಮನ್ಯಾಗ ಪ್ರಣಿ ಅದಾಳೇನ್ರಿ? ಅವ್ರು ಬಾಯಿ ಕಟಗೊಂಡ ಕುಂದ್ರಬೇಕೇನು?"

"ನೀ… ಸುಮ್ಮ ಕುಂದರು!"

"ಸುಮ್ಮ ಕುಂತೇನ್ರಿ ಇಲ್ಲೀತನಕ. ನಿಮ್ಮ ಮಾತು ಹೋದ ಮ್ಯಾಲಂತೂ ಬಾಯಿಲ್ಲದಾಕಿಗೆ ಎದುರ ಆಡೂದು ಪಾಪ ಅಂತ ಸುಮ್ಮ ಇದ್ನಿ. ಈಗ ನಿಮಗೂ ಮಾತ ಬಂದಾವ. ಆಡ್ರಿ, ನಾನೂ ಆಡತೇನಿ."

ಬಾಳೇಶ ಜಗಿಯುವುದನ್ನು ಮರೆತಿದ್ದ. ಹೆಂಡತಿಯನ್ನು ಗದರಬೇಕಾದವನು ತಾಯಿಯ ಬಾಯಿಂದ ಮುಂದಿನ ಶಬ್ದ ಯಾವುದು ಬರುತ್ತದೆ ಎಂದು ಕಾದು ಕೂತಿದ್ದ. ಅವನ ಮುಖದ ಮೇಲೆ ಸಿಟ್ಟಿನ ಬದಲು ಸಣ್ಣ ಹುಡುಗನ ಖುಷಿಯಿತ್ತು. ರಾಯಪ್ಪ ಪೇಪರು ಕೆಳಗಿಟ್ಟಿದ್ದ.

ಬಾಯವ್ವ ಶಬ್ದಕ್ಕಾಗಿ ಹುಡುಕಾಡಿದಳು. ಎಡಗೈ ಮುಷ್ಟಿ ಕಟ್ಟಿತು. ಕಡೆಗೆ ಬಂದ ಮಾತಿನಲ್ಲಿ ಜೋರು ಇರಲಿಲ್ಲ.

"ಅಕಿ ಹೋದ್ರ… ನಾ… ಯಾರ ಕೂಡ ಮಾತಾಡ್ಲಿ?"

ಪ್ರಣಿತಾ ಮುಖ ಮುಚ್ಚಿಕೊಂಡಳು. ಭಾಗೀರಥಿ ಉಂಡಿಯ ಪರಾತವನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಹತ್ತಿರ ಸರಿದಳು. ಬೆಲ್ಲದ ಜಿಗುಟು ಇದ್ದ ಕೈಯಲ್ಲೇ ಆಕೆಯ ಕೈ ಹಿಡಿದಳು.

"ನನ್ನ ಕೂಡ ಮಾತಾಡ್ರಿ. ತಾಳ ನಾ ಹಾಕತೇನಿ. ಇಷ್ಟ ವರ್ಷ ನೀವು ಹೇಳಿದ್ರಿ, ನಾ ಕೇಳಿದ್ನಿ. ಇನ್ನ ಇಬ್ರೂ ಆಡೂಣು."

ಬಾಯವ್ವ ಸೊಸೆಯನ್ನು ಹೊಸದಾಗಿ ಮನೆಗೆ ಬಂದವಳನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದಳು.

"ನೀ… ಬಾಳ… ಮಾತಾಡ್ತಿ" ಎಂದಳು.

"ಹೂಂನ್ರಿ. ಯಾರ ಸೊಸಿ ನಾ?"

ಮೊದಲು ನಕ್ಕವನು ರಾಯಪ್ಪ. ಆಮೇಲೆ ಬಾಳೇಶನಿಗೆ ನಗು ತಡೆಯಲಾಗದೆ ಶೇಂಗಾ ನೆತ್ತಿಗೇರಿ, ಪ್ರಣಿತಾ ಬೆನ್ನು ಗುದ್ದಬೇಕಾಯಿತು. ಬಾಯವ್ವ ಎಡಗೈ ಎತ್ತಿದಳು.

"ಹೋಗಲಿ" ಎಂದಳು. "ಕಲ್ತು… ಬರ್ಲಿ. ಏನಂತಿ… ಬಾಳು?"

ಗಿರಣಿಯ ಮುಂದೆ ಊರನ್ನೇ ಮಾತಿನಲ್ಲಿ ಮಣಿಸುವ ಬಾಳೇಶ ತಾಯಿಯ ಹತ್ತಿರ ಸರಿದು ಕೂತ. ತಾಯಿ ಹೀಗೆ ತನ್ನನ್ನು ಕೇಳಿ ಆರು ತಿಂಗಳ ಮೇಲಾಗಿತ್ತು.

"ನಾ ಏನ ಅನ್ನಲೆವಾ. ನೀ ಅಂದ್ಯಲ್ಲ, ಆತು." ಹೆಗಲ ಮೇಲಿನ ಸೆಲ್ಯದ ತುದಿಯಿಂದ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದ. "ಮುಂಜಾನೆ ಲಗೂನ ಏಳು. ಗಿರಣಿ ಬಂದ್ ಇಡತೇನಿ. ಧಾರವಾಡಕ್ಕ ಹೋಗಿ ಹೆಸರ ಹಚ್ಚಿ ಬರೂಣು."

"ಬಾಳು" ಎಂದಳು ಬಾಯವ್ವ. ಭಾಗೀರಥಿ ತಾಳಕ್ಕೆಂದು ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. "ನಾನೂ ಬರತೇನಿ."